ಹಿಂದಿನ ಗಾಲಿ ದಪ್ಪ ಇದ್ದರೆ ಸಾಕೇ?

ಬ್ಲಾಗಿಗೆ ಧೂಳು ಹಿಡಿದು ಎರಡು ತಿಂಗಳಾಯಿತು. ಆಫೀಸಿನಲ್ಲಿ ಒಂದು ರಿಲೀಸು, ಅದು ಮುಗಿಯುವಷ್ಟರಲ್ಲಿ ಇನ್ನೊಂದು ರಿಲೀಸು... ಬೈಕೋಬೇಡಿ. ಕಾರಹುಣ್ಣಿಮೆಗೆ ಅಂತ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ ಬಂದೆ. ಊರೆಂದರೆ ರಾಯಚೂರು. ಕಾಕಾನ ಮನೆ, ಹೊಲ ಮಾನ್ವಿ ಹತ್ತಿರ. ಕಾಕುವಿನ ತವರು ದೇವದುರ್ಗ ಕಡೆ. ಈ ಮೂರು ಊರಿನ ನಡುವೆ ನಾಲ್ಕು ದಿನ ಓಡಾಡಿದೆ, ನಾಲ್ಕು ದಿನವೂ ಒಂದೇ ವಿಷಯದ ಮೇಲೆ ಜಗಳ. ಟಯರು!

ಕಾಕಾನ ಮಗ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಒಂದನ್ನು ಕೊಂಡಿದ್ದಾನೆ. ನಾನು ಬ್ಯಾಗ್ ಇಳಿಸುವ ಮೊದಲೇ ಫೋನು ಹಿಡಿದುಕೊಂಡು ಬಂದ. ಅದರಲ್ಲಿ ಪೋರ್ಷೆ 911ರ ಹಿಂಭಾಗದ ಫೋಟೋ.

"ಅಣ್ಣಾ, ನೋಡಿಲ್ಲಿ. ಹಿಂದಿನ ಗಾಲಿ ಎಷ್ಟು ದಪ್ಪ ಅದಾವ! ನನ್ನ ಗಾಡಿಗೂ ಹಿಂದ ಎರಡು 225 ಹಾಕಿಸ್ತೀನಿ. ಗ್ರಿಪ್ ಸಿಗ್ತದ."

ಕಟ್ಟೆ ಮೇಲೆ ಕೂತಿದ್ದ ಕಾಕಾ ಅದನ್ನೇ ಕಾಯುತ್ತಿದ್ದವರಂತೆ, "ಟ್ರ್ಯಾಕ್ಟರಿಗೂ ದೊಡ್ಡ ಗಾಲಿ ಹಾಕಸಬೇಕಂತ ಮಾಡೀನಪಾ. ಈಗಿರೋ 13.6 ಹಿಡಿಯವಲ್ವು. 16.9 ಹಾಕಸ್ತೀನಿ. ನೀ ಎಂಜಿನಿಯರ್ ಅದಿ, ಹೇಳು" ಅಂದರು.

ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ಹಾಕುತ್ತಿರುವುದು ಜಾವಾ. ಆದರೂ "ನೀ ಎಂಜಿನಿಯರ್ ಅದಿ" ಅಂದ ಮೇಲೆ ಸುಮ್ಮನಿರುವುದು ಹೇಗೆ? ನಾಲ್ಕು ವರ್ಷ ಕಲಿತದ್ದು ಒಮ್ಮೆಯಾದರೂ ಕೆಲಸಕ್ಕೆ ಬರಲಿ ಅಂತ ಕೂತೆ. ಕಾರೂ ಟ್ರ್ಯಾಕ್ಟರೂ ಬೇರೆ ಬೇರೆ ಗಾಡಿ, ಆದರೆ ಇಬ್ಬರ ನಂಬಿಕೆ ಒಂದೇ: ಹಿಂದಿನ ಗಾಲಿ ದಪ್ಪ ಆದಷ್ಟೂ ನೆಲ ಗಟ್ಟಿ ಹಿಡಿಯುತ್ತದೆ. ನನ್ನ ಪ್ರಕಾರ ದಪ್ಪ ಎಷ್ಟು ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಎಂಜಿನ್ನಿನ ಬಲ ಯಾವ ಗಾಲಿಗೆ ಹೋಗುತ್ತದೆ, ಆ ಗಾಲಿಯ ಮೇಲೆ ಎಷ್ಟು ಭಾರ ಕೂತಿದೆ, ಕೆಳಗಿನ ನೆಲ ಎಂಥದ್ದು, ಒಳಗೆ ಗಾಳಿ ಎಷ್ಟಿದೆ... ಇಷ್ಟು ನೋಡದೆ ಅಂಗಡಿಗೆ ಹೋದರೆ ದುಡ್ಡು ಮಣ್ಣುಪಾಲು. ಕಾಕಾನ ವಿಷಯದಲ್ಲಂತೂ ಅಕ್ಷರಶಃ ಮಣ್ಣುಪಾಲು.

ಮೊದಲು ತಮ್ಮನ ಕಾರು. ಅದರ ಕಥೆ ಸಣ್ಣದು. ಸ್ವಿಫ್ಟ್‌ನಲ್ಲಿ ಎಂಜಿನ್ ಮುಂದಿದೆ, ಅದು ತಿರುಗಿಸುವುದೂ ಮುಂದಿನ ಗಾಲಿಗಳನ್ನೇ. ಹಿಂದಿನವೆರಡು ಮದುವಣಿಗನ ಹಿಂದೆ ಬರುವ ಬೀಗರ ಹಾಗೆ ಸುಮ್ಮನೆ ಉರುಳಿಕೊಂಡು ಬರುತ್ತವೆ. ಬ್ರೇಕು ಹಾಕುವಾಗ, ತಿರುವಿನಲ್ಲಿ ಅವುಗಳ ಪಾಲು ಇದೆ ನಿಜ. ಗಾಡಿಯನ್ನು ಮುಂದೆ ಜಗ್ಗುವುದರಲ್ಲಿ ಏನೇನೂ ಇಲ್ಲ. ಅಲ್ಲಿಗೆ 225 ಹಾಕಿದರೂ ಅಷ್ಟೇ, ರೋಡ್ ರೋಲರಿನ ಗಾಲಿ ಹಾಕಿದರೂ ಅಷ್ಟೇ. ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ, ನಮ್ಮ ಆಟೋಗಳಲ್ಲಿ ಹಿಂದಿನ ಗಾಲಿಗೆ ಬಲ ಹೋಗುತ್ತದೆ. "ಹಂಗಾದ್ರ ಓಮ್ನಿ ತಗೋ, 911 ಆಗ್ತದ" ಅಂದೆ. ಸಿಟ್ಟಾದ.

911ಕ್ಕೆ ಹಿಂದೆ ದಪ್ಪ ಗಾಲಿ ಬಂದದ್ದು ಚೆಂದಕ್ಕಲ್ಲ. ಆ ಕಾರಿನ ಎಂಜಿನ್ ಕೂತಿರುವುದು ಹಿಂದಿನ ಆಕ್ಸಲಿಗಿಂತಲೂ ಹಿಂದೆ. ಗಾಡಿಯ ಭಾರದ ಅರ್ಧಕ್ಕಿಂತ ಹೆಚ್ಚು ಹಿಂದಿನ ಎರಡು ಗಾಲಿಯ ಮೇಲೇ ಬೀಳುತ್ತದೆ. ತಿರುವಿನಲ್ಲಿ ಆ ಭಾರ ಬಾಲದ ಹಾಗೆ ಹೊರಕ್ಕೆ ಬೀಸುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಹಿಂದೆ ಹೆಚ್ಚು ರಬ್ಬರ್ ಬೇಕು. 1973ರ ಕ್ಯಾರೆರಾ ಆರ್‌ಎಸ್‌ನಲ್ಲಿ ಮುಂದಿನ ರಿಮ್ಮಿನ ಅಗಲ 6 ಇಂಚು, ಹಿಂದಿನದು 7 ಇಂಚು. ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ಅನ್ನುವ ಕ್ರಮ 911ಗಳಲ್ಲಿ ಶುರುವಾದದ್ದು ಅಲ್ಲಿಂದ. 992 ಪೀಳಿಗೆಯ ಕ್ಯಾರೆರಾದಲ್ಲಿ ಅದು ಮುಂದೆ 235/40 ಆರ್19, ಹಿಂದೆ 295/35 ಆರ್20 ಆಗಿದೆ. ಅಂದರೆ ಮೊದಲು ಭಾರ, ಆಮೇಲೆ ಬಲ, ಅದಕ್ಕೆ ತಕ್ಕ ಹಾಗೆ ಕೊನೆಗೆ ದಪ್ಪ. ನಮ್ಮ ತಮ್ಮ ಕೊನೆಯದರಿಂದ ಶುರು ಮಾಡಿದ್ದ.

ಆ ಅಂಕಿಗಳನ್ನು ಓದಲು ಬಾರದವರಿಗೆ: 185/65 ಆರ್15 ಎಂದರೆ ಟಯರಿನ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 65, ರಿಮ್ಮಿನ ವ್ಯಾಸ 15 ಇಂಚು. ಲೆಕ್ಕ ಹಾಕಿದರೆ ಇಡೀ ಗಾಲಿಯ ವ್ಯಾಸ ಸುಮಾರು 621 ಮಿಮೀ. ತಮ್ಮ ಹಾಕಬೇಕೆಂದಿದ್ದ 225/50 ಆರ್16ರ ವ್ಯಾಸ ಸುಮಾರು 631. ಇಷ್ಟು ಹತ್ತಿರ ಹೊಂದಿಸಿದ್ದಾನಲ್ಲ, ಹುಡುಗ ಹೋಮ್‌ವರ್ಕ್ ಮಾಡಿದ್ದಾನೆ ಅಂತ ಒಳಗೊಳಗೇ ಮೆಚ್ಚಿದೆ. ಹೇಳಲಿಲ್ಲ.

ಇನ್ನೊಂದು ಮಾತು ಅವನಿಗೆ ನಂಬಿಕೆಯೇ ಆಗಲಿಲ್ಲ. ಟಯರಿನ ಅಗಲ ಹೆಚ್ಚಾದರೆ ನೆಲಕ್ಕೆ ತಾಗುವ ಜಾಗವೂ ಅಷ್ಟೇ ಹೆಚ್ಚಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಸ್ವಿಫ್ಟ್‌ನ ಮುಂದಿನ ಒಂದು ಗಾಲಿಯ ಮೇಲೆ 280 ಕೆ.ಜಿ. ಭಾರ ಇದೆ ಅನ್ನಿ. ಒಳಗಿನ ಗಾಳಿ 32 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕೆ.ಜಿ. 280ನ್ನು ಎರಡೂಕಾಲರಿಂದ ಭಾಗಿಸಿ: ಸುಮಾರು 124 ಚದರ ಸೆಂಟಿಮೀಟರ್. ಒಂದು ಅಂಚೆ ಕಾರ್ಡಿನಷ್ಟು ಜಾಗ! ಟಯರಿನ ಗೋಡೆಯ ಬಿಗಿಯಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಆದರೆ ಲೆಕ್ಕ ಇಷ್ಟೇ. ಅದೇ ಭಾರ, ಅದೇ ಗಾಳಿ ಇದ್ದರೆ ದಪ್ಪ ಟಯರಿನಲ್ಲೂ ಹೆಚ್ಚುಕಡಿಮೆ ಅದೇ ಅಂಚೆ ಕಾರ್ಡು. ಉದ್ದಕ್ಕೆ ಇದ್ದದ್ದು ಅಡ್ಡಕ್ಕೆ ತಿರುಗಿರುತ್ತದೆ, ಅಷ್ಟೇ.

ಹಾಗಾದರೆ ರೇಸ್ ಕಾರಿನವರೆಲ್ಲ ದಡ್ಡರೇ? ಅಲ್ಲ. ಅಡ್ಡ ಅಗಲವಾದ ಕಾರ್ಡು ತಿರುವಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ದೊಡ್ಡ ಟಯರಿಗೆ ಗಾಳಿ ಕಡಿಮೆ ಇಟ್ಟರೂ ನಡೆಯುತ್ತದೆ, ಆಗ ಕಾರ್ಡೂ ದೊಡ್ಡದಾಗುತ್ತದೆ. ರಬ್ಬರ್ ಹೆಚ್ಚಿರುವುದರಿಂದ ಬಿಸಿ ತಡೆಯುತ್ತದೆ, ಹಾಗಾಗಿ ಮೆತ್ತನೆಯ, ನೆಲಕ್ಕೆ ಅಂಟುವ ರಬ್ಬರ್ ಬಳಸಬಹುದು. ಪಿಯುಸಿಯಲ್ಲಿ ಘರ್ಷಣೆ ತಾಗುವ ಜಾಗವನ್ನು ಅವಲಂಬಿಸಿಲ್ಲ ಅಂತ ಓದಿದ್ದೆವಲ್ಲ, ರಬ್ಬರ್ ಅದನ್ನು ಪೂರ್ತಿ ಪಾಲಿಸುವುದಿಲ್ಲ. ಚದರ ಸೆಂಟಿಮೀಟರಿಗೆ ಒತ್ತಡ ಹೆಚ್ಚಿದಷ್ಟೂ ಅದರ ಹಿಡಿತದ ಪ್ರಮಾಣ ಇಳಿಯುತ್ತದೆ. ಆದ್ದರಿಂದ ಹೆಚ್ಚು ಭಾರ, ಹೆಚ್ಚು ಬಲ ಇರುವಲ್ಲಿ ದಪ್ಪ ಟಯರಿಗೆ ಅರ್ಥವಿದೆ. ಹಗುರ ಸ್ವಿಫ್ಟ್‌ನ ಬಲ ಬಾರದ ಹಿಂದಿನ ಗಾಲಿಗೆ? ಮಳೆ ಬಂದು ರಸ್ತೆಯ ಮೇಲೆ ನೀರು ನಿಂತಾಗ ಅಗಲ ಟಯರು ನೀರಿನ ಮೇಲೆ ತೇಲುವುದು ಬೇಗ ಅನ್ನುವ ಲಾಭ ಮಾತ್ರ ಸಿಗುತ್ತದೆ. ಮೇಲಿಂದ, ಗೋಡೆ ಗಿಡ್ಡಗಾದಷ್ಟೂ ಗುಂಡಿಗೆ ಬಿದ್ದಾಗ ಪೆಟ್ಟು ನೇರ ರಿಮ್ಮಿಗೆ. ನಮ್ಮ ಕಡೆಯ ರಸ್ತೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾಕಾನ ಟ್ರ್ಯಾಕ್ಟರು. ಇದು ಚೆಂದದ ಮಾತಲ್ಲ, ಹೊಟ್ಟೆಯ ಮಾತು.

ಕಾಕಾಗೆ ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನೆಲ್ಲು ಬೆಳೆಯುವ ಎರೆ ಹೊಲ. ಕಾಲುವೆ ಕೊನೆಯ ಭಾಗ, ನೀರು ಬಂದರೆ ಬಂತು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಆ ಮನೆಯಲ್ಲಿ ಯಾರಿಗೂ ಊಟ ಸೇರಿರಲಿಲ್ಲ. ಅದಕ್ಕೇ ಹೊಲದ ಜೊತೆಗೆ ಬಾಡಿಗೆಯನ್ನೂ ನಂಬಿಕೊಂಡಿದ್ದಾರೆ. ದೇವದುರ್ಗ ಕಡೆ ಬೀಗರ ಊರಲ್ಲಿ, ಅಕ್ಕಪಕ್ಕದ ಹೊಲಗಳಲ್ಲಿ ಗಳೆ ಹೊಡೆಯಲು ಟ್ರ್ಯಾಕ್ಟರ್ ಹೋಗುತ್ತದೆ. ಅಲ್ಲಿ ಹೊಳೆ ಕಡೆ ಎರೆ ಇದ್ದರೂ ಇವರು ಹೋಗುವ ಹೊಲಗಳು ಕೆಂಪು ಮಸಾರಿ, ನಡುನಡುವೆ ಗರಸು, ಕಲ್ಲು. ಒಂದೇ ಟ್ರ್ಯಾಕ್ಟರು ಎರಡು ಥರದ ನೆಲ ತುಳಿಯಬೇಕು. ಎರಡು ಹೊಸ ಟಯರು, ಅದಕ್ಕೆ ತಕ್ಕ ಅಗಲದ ಹೊಸ ರಿಮ್ಮು ಸೇರಿಸಿ ಅಂಗಡಿಯವನು ಹೇಳಿದ ರೇಟು ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಸಾಲ ತೆಗೆಯುವ ಯೋಚನೆ.

ಹೊಲದಲ್ಲಿ ಹಿಡಿತದ ಲೆಕ್ಕ ಡಾಂಬರಿನ ಮೇಲಿನ ಹಾಗಲ್ಲ. ರಸ್ತೆ ಗಟ್ಟಿ, ರಬ್ಬರ್ ಜಾರುತ್ತದೆ. ಹೊಲದಲ್ಲಿ ಮಣ್ಣೇ ಹರಿದುಕೊಂಡು ಹಿಂದಕ್ಕೆ ಹೋಗುತ್ತದೆ. ಮಣ್ಣು ಎಷ್ಟು ತಡೆಯುತ್ತದೆ ಅನ್ನುವುದು ಎರಡರ ಮೊತ್ತ: ಗಾಲಿ ತಾಗಿದ ಜಾಗವನ್ನು ಮಣ್ಣಿನ ಅಂಟಿನಿಂದ ಗುಣಿಸಿದ್ದು ಒಂದು, ಮೇಲಿನ ಭಾರವನ್ನು ಮಣ್ಣಿನ ಕಣಕಣಗಳ ತಿಕ್ಕಾಟದಿಂದ ಗುಣಿಸಿದ್ದು ಇನ್ನೊಂದು. ಹಸಿ ಎರೆ ಮಣ್ಣಿನಲ್ಲಿ ಬರೀ ಅಂಟು, ತಿಕ್ಕಾಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿ ತಾಗುವ ಜಾಗ ಹೆಚ್ಚಿಸಬೇಕು, ಭಾರ ಹೇರಿದರೆ ಹೂತುಹೋಗುತ್ತದೆ ಅಷ್ಟೇ. ಒಣ ಮಸಾರಿಯಲ್ಲಿ ತದ್ವಿರುದ್ಧ: ಅಂಟು ಕಡಿಮೆ, ತಿಕ್ಕಾಟ ಹೆಚ್ಚು. ಅಲ್ಲಿ ಭಾರ ಬೇಕು, ಅಗಲದಿಂದ ಹೆಚ್ಚೇನೂ ಸಿಗುವುದಿಲ್ಲ.

ಈ ವಿದ್ಯೆಯಲ್ಲಿ ದೊಡ್ಡ ಹೆಸರು ಪೋಲೆಂಡ್ ಮೂಲದ ಎಂಜಿನಿಯರ್ ಬೆಕ್ಕರ್ ಅವರದ್ದು. 1971ರಲ್ಲಿ ಅಪೋಲೊ 15ರ ಜೊತೆ ಚಂದ್ರನ ಮೇಲೆ ಓಡಿದ ಗಾಡಿಯ ಹಿಂದೆಯೂ ಅವರ ಕೆಲಸ ಇದೆ. ಉಕ್ಕಿನ ತಂತಿ ನೇಯ್ದ ಗಾಲಿ, ಅದರ ಮೇಲೆ ಟೈಟಾನಿಯಂ ಪಟ್ಟಿಗಳು. ಫೋಟೋ ತೋರಿಸಿದಾಗ ಕಾಕಾ, "ಇದು ನಮ್ಮ ಕೇಜ್ ವೀಲಿನ ಮರಿ ಇದ್ದಂಗದ" ಅಂದರು. ಸಂಬಂಧ ದೂರದ್ದಾದರೂ ಮಾತು ತೀರ ತಪ್ಪಲ್ಲ.

ಕಾಕಾಗೆ ಫಾರ್ಮುಲಾ ಹೇಳಿದರೆ ನಡೆಯುವುದಿಲ್ಲ ಅಂತ ಗೊತ್ತಿತ್ತು. ಮರುದಿನ ಗಬ್ಬೂರು ಮೇಲೆ ದೇವದುರ್ಗಕ್ಕೆ ಹೋಗಿ ಬೀಗರ ಹೊಲದಲ್ಲೇ ಅಳೆದೆವು. ಹಿಂದಿನ ಟಯರಿಗೆ ಸುಣ್ಣದಿಂದ ಒಂದು ಗೀಟು. ನೇಗಿಲು ಮೇಲೆತ್ತಿಕೊಂಡು ಗಾಲಿ ಹತ್ತು ಸುತ್ತು ತಿರುಗಿದಾಗ ಟ್ರ್ಯಾಕ್ಟರ್ ಹೋದದ್ದು 40 ಮೀಟರ್. ನೇಗಿಲು ಇಳಿಸಿ ಅದೇ ಹತ್ತು ಸುತ್ತು ತಿರುಗಿಸಿದರೆ 31 ಮೀಟರ್. ಒಂಬತ್ತು ಮೀಟರ್ ಎಲ್ಲಿ ಹೋಯಿತು? ಗಾಲಿ ನಿಂತಲ್ಲೇ ಮಣ್ಣು ಕೆದರಿತು. ಜಾರುವಿಕೆ ಶೇಕಡಾ 22ಕ್ಕೂ ಮೇಲೆ. ಉಳುಮೆಯಲ್ಲಿ 10ರಿಂದ 15ರವರೆಗೆ ಜಾರುವುದು ಸಹಜ, ಬೇಕು ಕೂಡ. ಅದಕ್ಕಿಂತ ಹೆಚ್ಚಾದರೆ ಡೀಸೆಲ್ಲು, ಟಯರು ಎರಡೂ ಸುಮ್ಮನೆ ಸವೆಯುತ್ತವೆ. ಕಾಕಾ ಟೇಪು ಕಸಿದುಕೊಂಡು ತಾವೇ ಇನ್ನೊಮ್ಮೆ ಅಳೆದರು. ಅಷ್ಟೇ ಬಂತು.

ಗಾಳಿ ನೋಡಿದರೆ 26 ಪಿಎಸ್‌ಐ! ಟ್ರಾಲಿಗೆ ನೆಲ್ಲಿನ ಚೀಲ ಹೇರುವಾಗ ತುಂಬಿಸಿದ್ದು, ಹಾಗೇ ಬಿಟ್ಟಿದ್ದಾರೆ. ಹೊಲದ ಕೆಲಸಕ್ಕೆ ಅದು ಕಲ್ಲಾದ ಟಯರು. ಪಂಕ್ಚರ್ ಅಂಗಡಿಗೆ ಹೋಗಿ ವಾಲ್ವ್ ಮೇಲಕ್ಕೆ ಬರುವ ಹಾಗೆ ಗಾಲಿ ನಿಲ್ಲಿಸಿ, ಮುಕ್ಕಾಲು ಭಾಗ ನೀರು ತುಂಬಿಸಿದೆವು. 13.6-28 ಟಯರೊಂದಕ್ಕೆ ಒಂದೂವರೆಯಿಂದ ಎರಡು ನೂರು ಲೀಟರ್ ಹಿಡಿಯುತ್ತದೆ. ಒಂದೊಂದು ಗಾಲಿಗೂ ಒಂದೂವರೆ, ಎರಡು ಕ್ವಿಂಟಲ್ ಭಾರ ಬಂತು, ಅದೂ ಆಕ್ಸಲಿನ ಮೇಲೆ ಕೂರದೆ ಗಾಲಿಯೊಳಗೇ. ಮೇಲಿನ ಗಾಳಿ 14ಕ್ಕೆ ಇಳಿಸಿದೆವು. ಮತ್ತೆ ಅದೇ ಹೊಲ, ಅದೇ ಆಳಕ್ಕೆ ನೇಗಿಲು, ಹತ್ತು ಸುತ್ತು: ಮೂವತ್ತನಾಲ್ಕೂವರೆ ಮೀಟರ್. ಜಾರುವಿಕೆ 14ರ ಹತ್ತಿರ. ಖರ್ಚು ಪಂಕ್ಚರ್ ಅಂಗಡಿಯವನ ಕೂಲಿ ಮತ್ತು ಮೂರು ಚಹಾ.

16.9 ಹಾಕಿದ್ದರೆ ಏನಾಗುತ್ತಿತ್ತು? ಆ ಟಯರು ಬರೀ ದಪ್ಪವಲ್ಲ, ಎತ್ತರ ಕೂಡ. 13.6-28ರ ವ್ಯಾಸ ಸುಮಾರು 1.31 ಮೀಟರ್, 16.9-28ರದ್ದು 1.43ರ ಆಸುಪಾಸು. ಎಂಜಿನ್ನು, ಗೇರುಪೆಟ್ಟಿಗೆ ಅವೇ. ತ್ರಿಜ್ಯ ಹೆಚ್ಚಿದ ಹಾಗೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಕಡಿಮೆಯಾಗುತ್ತದೆ, ಇಲ್ಲಿ ಶೇಕಡಾ 8ರಷ್ಟು. ಪ್ರತಿ ಗೇರಿನಲ್ಲೂ ಗಾಡಿ ವೇಗವಾಗಿ ಓಡುತ್ತದೆ, ಜಗ್ಗುವ ತಾಕತ್ತು ಇಳಿಯುತ್ತದೆ. 50 ಎಚ್‌ಪಿಗೆ ಮೇಲಿನ ಟ್ರ್ಯಾಕ್ಟರಿಗೆ ಆ ಅಳತೆ ಸರಿ. ಕಾಕಾನ 45ರ ಟ್ರ್ಯಾಕ್ಟರಿಗೆ ಕಂಪನಿಯೇ ಕೊಡುವ ಇನ್ನೊಂದು ಅಳತೆ 14.9 ಇದೆ. ಟಯರು ಸವೆದಾಗ ಅದನ್ನು ಹಾಕಿಸಲಿ, ನನ್ನ ತಕರಾರಿಲ್ಲ.

ಮಾನ್ವಿಯಲ್ಲಿ ನಾಟಿಗೆ ಮುಂಚೆ ಆ ನೀರನ್ನು ತೆಗೆಯಲೇಬೇಕು. ರಾಡಿಯಲ್ಲಿ ಭಾರ ಶತ್ರು. ಅಲ್ಲಿ ಕಬ್ಬಿಣದ ಕೇಜ್ ವೀಲಿಗೆ ಸಮನಾದ ಟಯರು ನಾನಂತೂ ಕಂಡಿಲ್ಲ. ಆದರೆ ನಮ್ಮವರು ಅದನ್ನು ಬಿಚ್ಚುವ ಬೇಸರಕ್ಕೆ ಹಾಗೇ ಡಾಂಬರು ರಸ್ತೆಗೆ ಏರಿಸುತ್ತಾರಲ್ಲ, ಅದಕ್ಕೆ ಏನೆನ್ನುವುದು? ನೀರಮಾನ್ವಿ ಕಡೆ ರಸ್ತೆಯ ಅಂಚು ಹಲ್ಲಿನಿಂದ ಕಚ್ಚಿದ ಹಾಗಾಗಿದೆ. ಆಮೇಲೆ ಅದೇ ಕಟ್ಟೆಯ ಮೇಲೆ ಕೂತು ರಸ್ತೆ ಸರಿಯಿಲ್ಲ ಅಂತ ಎಂಎಲ್‌ಎಗೆ ಬೈಯುವವರೂ ನಾವೇ. ಕಾಕಾ ಇದ್ದಾಗಲೇ ಅಂದೆ. ಅವರು ಬೀಡಿ ಹಚ್ಚಿದರು.

ಹುಣ್ಣಿಮೆ ದಿನ ಎಲ್ಲರೂ ರಾಯಚೂರಿಗೆ ಬಂದೆವು. ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬ ಮಾಡುತ್ತಾರೆ, ಎತ್ತುಗಳಿಂದ ಟನ್‌ಗಟ್ಟಲೆ ತೂಕದ ಕಲ್ಲು ಎಳೆಸುವ ಸ್ಪರ್ಧೆ ಇರುತ್ತದೆ. ನೋಡದವರು ಒಮ್ಮೆ ಬಂದು ನೋಡಿ. ಒಂದು ಜೋಡಿ ನೋಡಲು ಆನೆಯಂತಿದ್ದವು, ಆದರೆ ಕಾಲು ಜಾರುತ್ತಿತ್ತು. ಅದರ ಮುಂದೆ ಸ್ವಲ್ಪ ಗಿಡ್ಡ ಜೋಡಿಯೊಂದು ಮೈ ನೆಲಕ್ಕೆ ತಗ್ಗಿಸಿ, ಗೊರಸು ಊರಿ ಊರಿ ಎಳೆದುಕೊಂಡು ಹೋಯಿತು. ಕಾಕಾ ತಾವಾಗಿಯೇ, "ಕಾಲು ಹಿಡೀಬೇಕಪಾ. ಇಲ್ಲಾಂದ್ರ ಬಲ ಇದ್ದು ಏನ್ ಮಾಡ್ತದ" ಅಂದರು. ನಾನು ಮೂರು ದಿನ ಗಂಟಲು ಹರಿದುಕೊಂಡದ್ದನ್ನು ಒಂದೇ ಸಾಲಿನಲ್ಲಿ! ತಮ್ಮ ಮಾತ್ರ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ.

ಆದರೆ ಹಿಡಿತ ಅಂದರೆ ಬರೀ ಲಾಭವೂ ಅಲ್ಲ. ಇದನ್ನು ಹೇಳಲೆಂದೇ ಈ ಪೋಸ್ಟ್ ಬರೆಯಲು ಕೂತದ್ದು. ನಾನು ಪಿಯುಸಿಯಲ್ಲಿದ್ದಾಗ ಪಕ್ಕದ ಊರಲ್ಲಿ ಒಂದು ಟ್ರ್ಯಾಕ್ಟರ್ ಗದ್ದೆಯಲ್ಲಿ ಹೂತಿತ್ತು. ಗಾಲಿಗೆ ಹಿಡಿತ ಸಿಗಲಿ ಅಂತ ಹಿಂದಿನ ಎರಡೂ ಗಾಲಿಗೆ ಅಡ್ಡಲಾಗಿ ಒಂದು ದಿಮ್ಮಿ ಕಟ್ಟಿ ಗೇರು ಹಾಕಿದರು. ಗಾಲಿ ತಿರುಗಲಿಲ್ಲ. ಗಾಲಿ ತಿರುಗದಿದ್ದರೆ ಎಂಜಿನ್ನಿನ ಬಲ ಸುಮ್ಮನಿರುತ್ತದೆಯೇ? ಅದು ಆಕ್ಸಲಿನ ಸುತ್ತ ಟ್ರ್ಯಾಕ್ಟರಿನ ಮೈಯನ್ನೇ ತಿರುಗಿಸುತ್ತದೆ. ಮೂಗು ಮೇಲೆದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಸಮಯವೂ ಸಿಗುವುದಿಲ್ಲ. ಓಡಿಸುತ್ತಿದ್ದವರು ಉಳಿಯಲಿಲ್ಲ. ಅವರ ಮಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕಾಲೇಜಿಗೆ ಬರುತ್ತಿದ್ದ. ಆಮೇಲೆ ಬರಲಿಲ್ಲ.

ಹಿಡಿತ ಹೆಚ್ಚಿಸಿದಷ್ಟೂ ಈ ಅಪಾಯ ಹೆಚ್ಚು. ಭಾರವನ್ನು ಕೆಳಗಿನ ಕೊಂಡಿಗೆ ಕಟ್ಟದೆ ಮೇಲೆಲ್ಲೋ ಕಟ್ಟಿ ಜಗ್ಗಿದರೂ ಇದೇ ಕಥೆ. ಜಾರುವ ಗಾಲಿ ಒಂದು ರೀತಿಯಲ್ಲಿ ಫ್ಯೂಸ್ ಇದ್ದಂತೆ, ಅದು ಜಾರಿ ನಮ್ಮನ್ನು ಉಳಿಸುತ್ತಿರುತ್ತದೆ. ಸ್ವೀಡನ್‌ನಲ್ಲಿ 1959ರಲ್ಲೇ ಹೊಸ ಟ್ರ್ಯಾಕ್ಟರಿಗೆಲ್ಲ ಮಗುಚಿದರೂ ಚಾಲಕನನ್ನು ಕಾಪಾಡುವ ಉಕ್ಕಿನ ಚೌಕಟ್ಟು ಕಡ್ಡಾಯ ಮಾಡಿದರು. ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಎಷ್ಟೋ ಪಾಲು ಇಳಿಯಿತು. ನಮ್ಮ ಕಡೆ ಟ್ರ್ಯಾಕ್ಟರಿಗೆ ಬಂಪರು, ಸೌಂಡ್ ಬಾಕ್ಸು, ಬಣ್ಣದ ಲೈಟು, ಎಲ್ಲ ಇರುತ್ತದೆ. ಈ ಚೌಕಟ್ಟು, ಅದರ ಜೊತೆಗಿನ ಸೀಟ್ ಬೆಲ್ಟು ಮಾತ್ರ ನಾನು ಆ ನಾಲ್ಕು ದಿನದಲ್ಲಿ ಒಂದು ಗಾಡಿಯಲ್ಲೂ ನೋಡಲಿಲ್ಲ.

ಹೊರಡುವ ದಿನ ಕಾಕಾಗೆ ಹೇಳಿದೆ, ಟಯರಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಅದನ್ನು ಹಾಕಿಸೋಣ, ಕಡಿಮೆ ಬಿದ್ದರೆ ನಾನು ಹಾಕುತ್ತೇನೆ ಅಂತ. "ನೋಡೂಣು" ಅಂದರು. ಕಾಕಾ "ನೋಡೂಣು" ಅಂದರೆ ಏನರ್ಥ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾಕು ಮಾತ್ರ ಬಾಗಿಲಲ್ಲಿ ನಿಂತು, "ನೀ ಬಿಡಬ್ಯಾಡ, ಫೋನ್ ಮಾಡಿ ಕೇಳ್ತಿರು" ಅಂದರು. ತಮ್ಮ ಹಿಂದಿನ ಗಾಲಿಗೆ 225 ಹಾಕಿಸುವುದನ್ನು ಸದ್ಯಕ್ಕೆ ಬಿಟ್ಟಿದ್ದಾನೆ. ಈಗ ಮುಂದಿನ ಗಾಲಿಗೆ ಹಾಕಿಸುತ್ತಾನಂತೆ!

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಬ್ಲಾಗಿಗರೇ, ನಿಮ್ಮ ಮನೆಯಲ್ಲಿ ಯಾರಾದರೂ ಹಳೆಯ ಟ್ರ್ಯಾಕ್ಟರಿಗೆ ಅಂಥ ಚೌಕಟ್ಟು ಹಾಕಿಸಿದ್ದರೆ ಎಲ್ಲಿ ಹಾಕಿಸಿದಿರಿ, ಎಷ್ಟಾಯಿತು ಅಂತ ದಯವಿಟ್ಟು ಕೆಳಗೆ ತಿಳಿಸಿ. ಕಂಪನಿ ಮಾಡಿದ್ದು, ಪರೀಕ್ಷೆ ಆದದ್ದು ಬೇಕು. ಪೈಪು ಬೆಸೆದು ಯಾರೋ ಮಾಡಿಕೊಟ್ಟದ್ದು ಬೇಡ. ನಾಟಿ ಶುರುವಾಗಲು ಇನ್ನು ಹೆಚ್ಚು ದಿನ ಇಲ್ಲ.